ಅಪ್ಪನ ಫೋಟೋ ಮತ್ತು ಡಿಲೀಟ್ ಬಟನ್

"ಸರ, ಇಷ್ಟು ಜಾಗ ಖಾಲಿ ಯಾಕ ಬಿಟ್ಟೀರಿ?"

ಸಿಂಧನೂರಿನ ರೈಸ್ ಮಿಲ್ಲಿನ ಸಾಹುಕಾರರು ಮಾನಿಟರ್ ಮೇಲೆ ಬೆರಳಿಟ್ಟು ಕೇಳಿದರು. ಭತ್ತದ ಗಾಡಿಗಳನ್ನು ತೂಗುವ ಅವರ ವೇಬ್ರಿಜ್‌ಗೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. (ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ, ಬಿಡುವಿದ್ದಾಗ ಇಂಥ ಉಸಾಬರಿ.) ಇರುವುದೊಂದೇ ವಿಂಡೋ. ಮೇಲೆ ಟ್ರ್ಯಾಕ್ಟರ್ ನಂಬರ್, ನಡುವೆ ತೂಕ. ಕೆಳಗೆ ಎಡತುದಿಗೆ ಸೇವ್, ಬಲತುದಿಗೆ ಡಿಲೀಟ್. ಎರಡರ ನಡುವೆ ಬರೀ ಬಯಲು.

ಬೇಕೆಂದೇ ಬಿಟ್ಟ ಬಯಲು ಅದು. ತೂಕ ಹಾಕುವ ನೀಲಮ್ಮನ ಕೈ ಅವಸರದಲ್ಲಿ ತಪ್ಪಬಾರದಲ್ಲ? ಆದರೆ ಖಾಲಿ ಜಾಗ ಕಂಡರೆ ವ್ಯಾಪಾರಸ್ಥರಿಗೆ ನಿದ್ದೆ ಹತ್ತುವುದಿಲ್ಲ.

"ಅಲ್ಲಿ ನಮ್ಮ ಅಪ್ಪಾರ ಫೋಟೋ ಹಾಕ್ರಿ. ಗಲ್ಲಾದ ಮ್ಯಾಲೆ ಐತಿ, ಕಂಪ್ಯೂಟರ್‌ನ್ಯಾಗೂ ಇರ್ಲಿ."

ಹಾಕಿದೆ. ಅಪ್ಪ ಕೆಳಗಿರಬಾರದು ಎಂದರು, ಮೇಲಕ್ಕೊಯ್ದೆ. ಮಾಲೆ ಇಲ್ಲದೆ ಹೇಗೆ ಎಂದರು, ಮಾಲೆಯೂ ಬಂತು. ಉಳಿದದ್ದೆಲ್ಲ ಕೆಳಗಿನ ಒಂದೇ ಸಾಲಿಗೆ ಸರಿದು, ಸೇವ್ ಮತ್ತು ಡಿಲೀಟ್ ಸಂತೆಕಲ್ಲೂರಿಗೆ ಹೋಗುವ ಶೇರ್ ಆಟೋದಲ್ಲಿ ಕೂತವರ ಹಾಗೆ ಒತ್ತಿಕೊಂಡವು. (ವಿಂಡೋ ಮುಚ್ಚುವ ಗುರುತು ಅಪ್ಪನ ತಲೆಯ ಮೇಲೆಯೇ ಇತ್ತು. ಅದನ್ನು ನಾನು ತೋರಿಸಲು ಹೋಗಲಿಲ್ಲ.)

ಕಳೆದ ವಾರ ಮುಕ್ಕುಂದದ ರೈತ ಹನುಮಂತಪ್ಪ ಟ್ರ್ಯಾಲಿ ತುಂಬ ಬಿಡಿ ಭತ್ತ ತಂದರು. ನೀಲಮ್ಮ ತೂಕ ಹಾಕಿದಳು. ಸಾಹುಕಾರರೂ ಪಕ್ಕದಲ್ಲೇ ನಿಂತು ನೋಡಿದರು. ಭತ್ತವನ್ನು ದೊಡ್ಡ ರಾಶಿಗೆ ಸುರಿದು, ಕಳೆದು ಲೆಕ್ಕ ಹಾಕಲು ಖಾಲಿ ಟ್ರ್ಯಾಕ್ಟರ್ ತೂಕಕ್ಕೆ ಬಂದಾಗ ನೋಡಿದರೆ, ತುಂಬಿದಾಗಿನ ಮೊದಲ ತೂಕವೇ ಇಲ್ಲ. ನೀಲಮ್ಮ ಸೇವ್ ಬದಲು ಡಿಲೀಟ್ ಒತ್ತಿಬಿಟ್ಟಿದ್ದಳು. ಪ್ರಿಂಟರ್ ರಿಪೇರಿಗೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ. ನೆಲ ನೋಡುತ್ತಾ ನಿಂತೆ.

"ಅರವತ್ತು ಚೀಲದ ತೂಕ ಹಿಡಿಯವ್ವ," ಅಂದರು ಸಾಹುಕಾರರು.

"ಎಂಬತ್ತಕ್ಕ ಕಮ್ಮಿ ಇಲ್ರಿ ಸಾವ್ಕಾರ್ರ. ಕಣ್ಣಾರೆ ನೋಡೀನಿ. ನೀವೂ ನೋಡೀರಿ."

"ಕಂಪ್ಯೂಟರ್‌ನ್ಯಾಗ ಇಲ್ಲಲ್ಲಪ್ಪ. ನಾ ಏನ್ ಮಾಡ್ಲಿ?"

ಹನುಮಂತಪ್ಪ ಸ್ಕ್ರೀನ್ ಕಡೆ ನೋಡಿದರು. ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

"ಹಂಗಾರ ನಿಮ್ಮ ಅಪ್ಪಾರ ಫೋಟೋ ಮುಟ್ಟಿ ಹೇಳ್ರಿ, ನನ್ನ ನೆಲ್ಲು ಅರವತ್ತ ಚೀಲ ಅಂತ. ಸುಮ್ನ ಹೊಕ್ಕೀನಿ."

ಸಾಹುಕಾರರ ಬೆರಳು ಮಾನಿಟರ್ ತನಕ ಹೋಯಿತು. ಖಾಲಿ ಜಾಗ ತೋರಿಸಿದ್ದ ಅದೇ ಬೆರಳು. ಅಲ್ಲೇ ನಿಂತಿತು.

"ಎಂಬತ್ತು ಬರಿಯವ್ವ," ಅಂದು ಹೊರಗೆ ಹೋದರು.

ಮರುದಿನ ಬೆಳಿಗ್ಗೆಯೇ ನನಗೆ ಫೋನು. "ಸರ, ಅಪ್ಪಾರ ಫೋಟೋ ತೆಗದುಬಿಡ್ರಿ. ಜಾಗ ಸಾಲವಲ್ದು."

ಯಾರಿಗೆ, ಬಟನ್‌ಗಳಿಗೋ, ಸಾಹುಕಾರರಿಗೋ?