ಬಲತುದಿಯ ಸಾಲು

ನಮ್ಮ ಮನೆಯಲ್ಲಿ ಡಿಗ್ರಿ ಕಾಲೇಜಿನ ಬಾಗಿಲು ದಾಟಿದ ಮೊದಲನೆಯವಳು ನಾನು. ಅಲ್ಲಿ ಎನ್‌ಸಿಸಿ ಕೆಡೆಟ್ ಆಗಿ ಖಾಕಿ ತೊಟ್ಟೆ. ಸ್ವಾತಂತ್ರ್ಯ ದಿನದ ಪರೇಡ್ ನೋಡಲು ಅವ್ವ ಹುಲಿಯೂರುದುರ್ಗದಿಂದ ತುಮಕೂರಿಗೆ ಬರುವವಳಿದ್ದಳು. ಹಿಂದಿನ ದಿನ ಫೋನಿನಲ್ಲಿ ಅವಳಿಗೆ ಒಂದೇ ಚಿಂತೆ.

"ಎಲ್ರೂ ಒಂದೇ ಥರ ಬಟ್ಟೆ ಹಾಕಿರ್ತೀರ. ನಿನ್ನ ಮುಖ ಹೆಂಗವ್ವ ಗುರ್ತು ಹಿಡೀಲಿ?"

"ನೀನು ಬಾರವ್ವ, ನೋಡಣ," ಅಂದು ಫೋನಿಟ್ಟೆ.

ಬೆಳಗ್ಗೆ ಮೈದಾನದ ತುಂಬ ಮಳೆ. ಬ್ಯಾಂಡಿನ ಸದ್ದು ಕೆರೆಯ ತಳದಿಂದ ಬಂದಂತೆ ಬರುತ್ತಿತ್ತು. ಬೂಟು ಊರಿದರೂ ನೆಲ ತಾಕಿದ ಹಾಗಿರಲಿಲ್ಲ, ತೇಲುತ್ತಿದ್ದೇನೆ ಅನ್ನಿಸುತ್ತಿತ್ತು. ಗ್ಯಾಲರಿಯಲ್ಲಿ ಬರೀ ಛತ್ರಿಗಳು. ಅವ್ವ ಎಲ್ಲಿದ್ದಾಳೋ.

ವೇದಿಕೆ ಹತ್ತಿರವಾದಾಗ "ದಾಹಿನೆ ದೇಖ್" ಎಂಬ ಆಜ್ಞೆ ಬಿತ್ತು. ಇಡೀ ತುಕಡಿ ಗಣ್ಯರು ಕೂತಿದ್ದ ಬಲಕ್ಕೆ ಕತ್ತು ತಿರುಗಿಸಿತು. ಬಲತುದಿಯ ಸಾಲಿನವರು ಮಾತ್ರ ತಿರುಗಬಾರದು. ನೇರ ನೋಡುತ್ತಾ ತುಕಡಿ ಸೊಟ್ಟಗಾಗದಂತೆ ಕಾಯಬೇಕು. ಆ ಸಾಲಿನ ಮೊದಲನೆಯವಳು ನಾನು.

ನೇರ ನೋಡಿದೆ. ದೂರದಲ್ಲಿ ಹಾದಿ ಬಾಗುವ ಕಡೆ, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅವ್ವ ನಿಂತಿದ್ದಳು. ನಾನು ನಡೆಯುತ್ತಿದ್ದೇನೋ, ಅವಳೇ ಮಳೆಯೊಳಗಿಂದ ನನ್ನತ್ತ ಬರುತ್ತಿದ್ದಾಳೋ, ತಿಳಿಯಲಿಲ್ಲ.

ಪರೇಡ್ ಮುಗಿದ ಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಎಲ್ರೂ ಆ ದೊಡ್ಡೋರ್ನ ನೋಡುದ್ರೆ ನೀನೊಬ್ಳು ನನ್ನೇ ನೋಡ್ತಿದ್ಯಲ್ಲೇ! ಸಾಹೇಬ್ರು ಬೈತಾರೇನೋ ಅಂತ ಎದೆ ಹೊಡ್ಕಂತು."

"ಅದು ರೂಲ್ಸು ಕಣವ್ವ. ನಮ್ಮ ಸಾಲಿನೋರು ತಿರುಗೋ ಹಂಗಿಲ್ಲ."

"ಯಾವ್ ರೂಲ್ಸೋ ಬುಡು," ಅಂದಳು. "ಮುಖ ಕಾಣ್ತಲ್ಲ."