ಮಿಯಾಟಾನನ್ನು ಉಳಿಸಿಕೊಂಡ ಬೇಸಿಗೆ

2022ರಲ್ಲಿ ನಾನು ಟೋಕಿಯೊದ ಶಿನಾಗಾವಾದಲ್ಲಿದ್ದ ಒಂದು ಕಂಪನಿಯಲ್ಲಿ ಸೀನಿಯರ್ ಅನಲಿಸ್ಟ್ ಆಗಿದ್ದೆ. ಒಂದು ವೃತ್ತಿಪರ ಬೇಸ್‌ಬಾಲ್ ಕ್ಲಬ್ಬಿಗೆ ಅದರ ಅಭಿಮಾನಿಗಳ ಆ್ಯಪ್ ನಡೆಸಿಕೊಡುವುದು ನಮ್ಮ ವಿಭಾಗದ ಕೆಲಸ. ಅಭಿಮಾನಿಗಳು ಅಲ್ಲಿ ಬರೆದದ್ದನ್ನೆಲ್ಲ ಓದಿ, ವಿಂಗಡಿಸಿ, ಅವರ ಮನಸ್ಸು ಯಾವ ಕಡೆಗಿದೆ ಎಂದು ಕ್ಲಬ್ಬಿಗೆ ವರದಿ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವಾಗ, ಮುಂದೊಂದು ದಿನ ಜಪಾನಿ ಭಾಷೆಯಲ್ಲಿ ಜನ ಜಗಳವಾಡುವುದನ್ನು ಓದುವುದೇ ನನ್ನ ಉದ್ಯೋಗವಾದೀತೆಂದು ನಾನು ಎಣಿಸಿರಲಿಲ್ಲ.

ಕ್ಲಬ್ ಚಾಂಪಿಯನ್ ಆಗಿ ಒಂದು ತಲೆಮಾರೇ ಕಳೆದಿತ್ತು. ಆ ವರ್ಷ ಮಾತ್ರ ಜುಲೈ ಹೊತ್ತಿಗೆ ಲೀಗ್‌ನ ಮೊದಲ ಸ್ಥಾನಕ್ಕೆ ತೀರಾ ಹತ್ತಿರ ಬಂದು ನಿಂತಿತ್ತು. ಬೌಲರ್‌ನ ಸ್ಥಾನದಲ್ಲಿರುವ ಪಿಚರ್‌ಗಳು ಚೆನ್ನಾಗಿದ್ದರು. ಕೊರತೆ ಇದ್ದದ್ದು ಚೆಂಡನ್ನು ಬೌಂಡರಿಯಾಚೆ ಹೊಡೆಯುವ ಒಬ್ಬ ದೊಡ್ಡ ಬ್ಯಾಟರ್‌ನದು. ಅಂಥವನೊಬ್ಬ ಪಶ್ಚಿಮ ಜಪಾನಿನ ಕ್ಲಬ್ಬಿನಲ್ಲಿದ್ದ. ಅವನನ್ನು ಬಿಟ್ಟುಕೊಡಲು ಆ ಕ್ಲಬ್ ಸಿದ್ಧವಿದೆ, ಬದಲಿಗೆ ನಮ್ಮ ಇಬ್ಬರು ಯುವ ಆಟಗಾರರನ್ನು ಕೇಳುತ್ತಿದೆ ಎಂದು ಒಂದು ಬೆಳಿಗ್ಗೆ ಕ್ರೀಡಾ ಪತ್ರಿಕೆಯಲ್ಲಿ ಬಂತು.

ಇದಕ್ಕೆ ಟ್ರೇಡ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ ಹರಾಜಿನಂತೆ ಇಲ್ಲಿ ಹಣ ಕೂಗುವುದಿಲ್ಲ, ಆಟಗಾರನಿಗೆ ಆಟಗಾರ. ಜುಲೈ ಮುಗಿಯುವುದರೊಳಗೆ ಕ್ಲಬ್ಬುಗಳು ಒಪ್ಪಿಕೊಂಡರೆ ಆಯಿತು. ಹೋಗಬೇಕಾದವನು ಮರುದಿನವೇ ಗಂಟುಮೂಟೆ ಕಟ್ಟುತ್ತಾನೆ. ಅವನ ಒಪ್ಪಿಗೆ ಬೇಕಿಲ್ಲ, ತನ್ನ ಇಷ್ಟಾನಿಷ್ಟವನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯೂ ಅಲ್ಲ.

ಪತ್ರಿಕೆ ಹೆಸರಿಸಿದ ಇಬ್ಬರಲ್ಲಿ ಒಬ್ಬ ಮಿಯಾಟಾ. ಇಪ್ಪತ್ತೆರಡರ ಹರೆಯದ ಕ್ಯಾಚರ್. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಮೈದಾನದಲ್ಲಿ ಒಬ್ಬನಿಗಷ್ಟೇ ಜಾಗ. ಆ ಜಾಗದಲ್ಲಿ ನಮ್ಮ ಕ್ಲಬ್ಬಿನ ಮುಖ್ಯ ಕ್ಯಾಚರ್ ಗಟ್ಟಿಯಾಗಿ ಕುಳಿತಿದ್ದ. ಹಾಗಾಗಿ ಮಿಯಾಟಾ ಎರಡನೇ ತಂಡದಲ್ಲಿ, ನದಿ ದಡದ ಸಣ್ಣ ಮೈದಾನದಲ್ಲಿ ಆಡುತ್ತಿದ್ದ. ಅಲ್ಲಿಗೆ ಬರುವ ಪ್ರೇಕ್ಷಕರು ಕಡಿಮೆ, ಆದರೆ ಬಂದವರು ಬಿಡದೆ ಬರುವವರು. ಆಟ ಮುಗಿದ ಮೇಲೆ ತಂತಿ ಬೇಲಿಯ ಹತ್ತಿರ ಬಂದು ಎಲ್ಲರನ್ನೂ ಹೆಸರು ಹಿಡಿದು ಮಾತನಾಡಿಸುವ ಹುಡುಗ ಎಂದರೆ ಅವರಿಗೆ ಪ್ರಾಣ.

ಆ್ಯಪ್‌ನಲ್ಲಿ ಬೆಂಕಿ ಬಿದ್ದಂತಾಯಿತು. ಕ್ಲಬ್‌ನವರು ಗಾಬರಿಯಾಗಿ, ಹಳೆಯ ಅಭಿಮಾನಿಗಳನ್ನು ಕರೆದು ಒಂದು ಸಭೆ ನಡೆಸಿ ಎಂದು ನಮಗೆ ಹೇಳಿದರು. ಶಿನಾಗಾವಾದ ಬಾಡಿಗೆ ಹಾಲ್‌ನಲ್ಲಿ, ಒಂದು ಶನಿವಾರ ಮಧ್ಯಾಹ್ನ, ಆ ಸಭೆಯನ್ನು ನಾನೇ ನಡೆಸಿದೆ. ಅಲ್ಲಿ ಆಡಿದ ಮಾತೆಲ್ಲ ಜಪಾನಿಯಲ್ಲಿ; ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ಎದ್ದು ನಿಂತವರು ಸೆಕಿ-ಸಾನ್, ಟ್ಯಾಕ್ಸಿ ಓಡಿಸುವವರು; ಹೆಸರಿನ ಜೊತೆಯ ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. "ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಈ ಕ್ಲಬ್ ತೋರಿಸಿದ್ರು. ಗೆಲ್ಲೋದನ್ನ ಇನ್ನೊಂದು ಸಲ ನೋಡದೇ ಹೋದ್ರು. ನಂಗೂ ವಯಸ್ಸಾಯ್ತು. ಆ ಬ್ಯಾಟರ್ ಬಂದ್ರೆ ಗೆಲ್ತೀವಿ. ಕೊಟ್ಟುಬಿಡಿ ಇಬ್ಬರನ್ನೂ."

ಕಾವಾಬೆ-ಸಾನ್ ಕೂತಲ್ಲಿಂದಲೇ ಮಾತನಾಡಿದರು. ಅರವತ್ತು ದಾಟಿದ ಹೆಂಗಸು, ಎರಡನೇ ತಂಡದ ಮೈದಾನದ ಹತ್ತಿರ ಬಟ್ಟೆ ಆಲ್ಟರ್ ಮಾಡುವ ಅಂಗಡಿ ಇಟ್ಟುಕೊಂಡವರು. "ಹೈಸ್ಕೂಲ್ ಮುಗಿಸಿ ಬಂದಾಗ ಆ ಹುಡುಗನಿಗೆ ಮಾತೇ ಬರ್ತಿರಲಿಲ್ಲ. ನಮ್ಮ ಕಣ್ಣ ಮುಂದೆ ಬೆಳೆದ. ಒಂದು ಬೇಸಿಗೆಯ ಖುಷಿಗೋಸ್ಕರ ಅವನನ್ನ ಪರವೂರಿಗೆ ಕಳಿಸಿ, ಆಮೇಲೆ ಗೆದ್ವಿ ಅಂತ ಹೇಗೆ ಕುಣೀಲಿ?"

"ಕ್ಲಬ್ ಅಂದ್ರೆ ಒಬ್ಬ ಹುಡುಗ ಅಲ್ಲ, ಕಾವಾಬೆ-ಸಾನ್," ಎಂದರು ಸೆಕಿ-ಸಾನ್.

"ನನಗೆ ಈಗ ಅವನೇ ಕ್ಲಬ್."

ಹಾಲ್‌ನಲ್ಲಿ ಅರ್ಧದಷ್ಟು ಜನ ಚಪ್ಪಾಳೆ ತಟ್ಟಿದರು, ಸೆಕಿ-ಸಾನ್ ಕೂಡ ಕೊನೆಗೆ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡರು. ಅಷ್ಟು ಜನ ಒಬ್ಬ ಆಟಗಾರನನ್ನು ಹಾಗೆ ಹಚ್ಚಿಕೊಂಡದ್ದನ್ನು ನೋಡಿ ನಾನೂ ಚಪ್ಪಾಳೆ ತಟ್ಟಿದೆ. ಸಂಜೆ ಗ್ಯೋಟೋಕುವಿನ ಮನೆಗೆ ಬಂದು ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. ಮೋಹನ್ ಕಾಲೇಜ್ ಟೀಮಿನಲ್ಲಿ ಎರಡನೇ ಕೀಪರ್ ಆಗಿದ್ದವನು.

"ಅವನಿಗೆ ಏನು ಬೇಕಂತೆ?" ಎಂದು ಕೇಳಿದ.

"ಯಾರಿಗೆ?"

"ಆ ಹುಡುಗನಿಗೆ ಕಣೇ. ಮೇನ್ ಕೀಪರ್ ಫಿಟ್ ಆಗಿರೋವರೆಗೂ ಸೆಕೆಂಡ್ ಕೀಪರ್ ಡ್ರಿಂಕ್ಸ್ ತರ್ತಾ ಇರ್ತಾನೆ. ಮೂರು ವರ್ಷ ತಂದಿದೀನಿ, ನಂಗೊತ್ತು. ಆ ಟೀಮಲ್ಲಿ ಕೀಪರ್ ಇದಾನಾ?"

ಇರಲಿಲ್ಲ. ಪಶ್ಚಿಮದ ಕ್ಲಬ್ಬಿನಲ್ಲಿದ್ದ ಒಬ್ಬನೇ ಹಿರಿಯ ಕ್ಯಾಚರ್ ಕೂಡ ಆ ವರ್ಷವೇ ನಿವೃತ್ತನಾಗುವವನಿದ್ದ. ಅದಕ್ಕೇ ಅವರು ಮಿಯಾಟಾನನ್ನು ಕೇಳಿದ್ದು. ಸೋಮವಾರ ನನ್ನ ಮ್ಯಾನೇಜರ್ ನಾಗಾಯ್-ಸಾನ್ ಹತ್ತಿರ ಹೋಗಿ, ಆಟಗಾರನ ಅಭಿಪ್ರಾಯ ತಿಳಿಯುವ ದಾರಿ ಏನಾದರೂ ಇದೆಯೇ ಎಂದು ಕೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ನಗಲೂ ಇಲ್ಲ.

"ಶುಭಾ-ಸಾನ್, ನಮ್ಮ ಒಪ್ಪಂದ ಇರೋದು ಅಭಿಮಾನಿಗಳ ಬಗ್ಗೆ. ಆಟಗಾರನನ್ನ ನಾವು ಕೇಳೋ ಹಾಗಿಲ್ಲ. ಕೇಳಿದ್ರೂ ಅವನು ಹೇಳೋ ಹಾಗಿಲ್ಲ."

ವರದಿ ಹೋಯಿತು. ಹೆಚ್ಚಿನವರು ಕೊಡಬೇಡಿ ಎನ್ನುತ್ತಿದ್ದಾರೆ ಎಂಬುದೇ ಅದರ ಸಾರ, ಮತ್ತು ಅದು ನಿಜವೇ ಆಗಿತ್ತು.

ಆ ವಾರದ ಪಂದ್ಯಗಳಲ್ಲಿ ಔಟ್‌ಫೀಲ್ಡ್ ಕಡೆಯ ಸ್ಟ್ಯಾಂಡ್ ತುಂಬ ಬ್ಯಾನರ್‌ಗಳು. ಕೋವಿಡ್ ಸೋಂಕಿನ ನಿಯಮದಿಂದಾಗಿ ಇನ್ನೂ ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಸಾವಿರಾರು ಜನ ಬಾಯಿ ಮುಚ್ಚಿಕೊಂಡು, ಮಿಯಾಟಾ ಹೆಸರು ಬರೆದ ಬಟ್ಟೆಗಳನ್ನು ಎತ್ತಿ ಹಿಡಿದು, ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಿದರು. ಅದರಲ್ಲಿ ದೊಡ್ಡದು ಕಾವಾಬೆ-ಸಾನ್ ತಾವೇ ಹೊಲಿದದ್ದು. ಜುಲೈ ಕೊನೆಯಲ್ಲಿ ಕ್ಲಬ್ ಮಾತುಕತೆಯಿಂದ ಹಿಂದೆ ಸರಿಯಿತು. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಅಭಿಮಾನಿಗಳ ಭಾವನೆಯನ್ನು ಗೌರವಿಸಿದ್ದೇವೆ ಎಂದೇ ಪ್ರಕಟಣೆ ಬಂತು.

ಮರುದಿನ ನದಿ ದಡದ ಮೈದಾನದಲ್ಲಿ ಹಬ್ಬ. ಮಿಯಾಟಾ ಬೇಲಿಯ ಬಳಿ ಬಂದು, ಕ್ಯಾಪ್ ತೆಗೆದು, ಸೊಂಟ ಬಗ್ಗಿಸಿ ಬಹಳ ಹೊತ್ತು ನಮಸ್ಕರಿಸಿದ. ಕಾವಾಬೆ-ಸಾನ್ ಬಿಕ್ಕಿ ಬಿಕ್ಕಿ ಅತ್ತರು. ಆ ಚಿತ್ರವನ್ನು ನಾವು ಆ್ಯಪ್‌ನಲ್ಲಿ ಹಾಕಿದೆವು. ಆ ವರ್ಷ ಅದಕ್ಕೆ ಸಿಕ್ಕಷ್ಟು ಮೆಚ್ಚುಗೆ ಬೇರೆ ಯಾವುದಕ್ಕೂ ಸಿಗಲಿಲ್ಲ.

ತಂಡ ಆ ಸಲ ಗೆಲ್ಲಲಿಲ್ಲ. ಮುಖ್ಯ ಕ್ಯಾಚರ್‌ಗೆ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ನೆಗಡಿ ಕೂಡ ಆಗಲಿಲ್ಲ ಎನ್ನಬೇಕು, ಅಷ್ಟು ಚೆನ್ನಾಗಿ ಆಡಿದ. ಪಶ್ಚಿಮದ ಕ್ಲಬ್ ಬೇರೆ ಕಡೆಯಿಂದ ಒಬ್ಬ ಎಳೆಯ ಕ್ಯಾಚರ್‌ನನ್ನು ತಂದಿತು. ಮಿಯಾಟಾನಿಗಿಂತ ಹೆಚ್ಚಿನವನೇನಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಪ್ರತಿದಿನ ಆಡಿ ಆಡಿ ಅವನು ಹೆಚ್ಚಿನವನಾದ. ಮಿಯಾಟಾ ನದಿ ದಡದಲ್ಲೇ ಉಳಿದ. ಅವನ ಹಿಂದೆ ಹೈಸ್ಕೂಲಿನಿಂದ ಹೊಸ ಕ್ಯಾಚರ್‌ಗಳು ಬಂದರು. ಅವನ ಆಟದಲ್ಲಿ ಏನೋ ಸವೆದುಹೋಗುತ್ತಿತ್ತು. ನಮ್ಮ ಅಂಕಿಅಂಶಗಳಲ್ಲಿ ಅದು ನಿಧಾನವಾಗಿ ಕಾಣುತ್ತಿತ್ತು.

2024ರ ಶರತ್ಕಾಲದಲ್ಲಿ, ಮುಂದಿನ ವರ್ಷಕ್ಕೆ ಕ್ಲಬ್ಬಿನ ಲೆಕ್ಕದಲ್ಲಿ ನೀನಿಲ್ಲ ಎಂಬ ನೋಟಿಸ್ ಅವನ ಕೈಗೆ ಬಂತು. ಪ್ರತಿ ವರ್ಷ ಕೆಲವರಿಗೆ ಬರುವಂಥದ್ದೇ. ಬೇರೆ ಯಾವ ಕ್ಲಬ್ಬೂ ಅವನನ್ನು ಕರೆಯಲಿಲ್ಲ.

ಅವನು ಲಾಕರ್ ಖಾಲಿ ಮಾಡುವ ದಿನ ಬೀಳ್ಕೊಡುಗೆಯ ವಿಡಿಯೋ ತೆಗೆಸಲು ನಾನು ಆ ಮೈದಾನಕ್ಕೆ ಹೋಗಿದ್ದೆ. ಗೇಟಿನ ಹತ್ತಿರ ಹಳೆಯ ಅಭಿಮಾನಿಗಳು ಸಾಲಾಗಿ ನಿಂತಿದ್ದರು. ಮಿಯಾಟಾ ಒಬ್ಬೊಬ್ಬರಿಗೂ ಅರಿಗಾತೋ ಎಂದು ಧನ್ಯವಾದ ಹೇಳುತ್ತ ಬಂದು ಕಾವಾಬೆ-ಸಾನ್ ಮುಂದೆ ನಿಂತ. ನಾನು ಕ್ಯಾಮೆರಾದವನಿಗೆ ತಡೆಯಲು ಸನ್ನೆ ಮಾಡಿದೆ.

ಆಕೆ ಅವನ ಮುಖ ನೋಡದೆ ಕೇಳಿದರು: "ಆವತ್ತು ನಿಂಗೆ ಹೋಗಬೇಕು ಅಂತ ಇತ್ತಾ?"

ಈಗ ಅವನು ಯಾವ ಕ್ಲಬ್ಬಿನವನೂ ಆಗಿರಲಿಲ್ಲ. ಹೇಳಬಾರದು ಎಂಬ ಕಟ್ಟು ಇರಲಿಲ್ಲ.

"ಇತ್ತು," ಎಂದ. "ಪೇಪರ್‌ನಲ್ಲಿ ಓದಿದ ದಿನ ಊರಿಗೆ ಫೋನ್ ಮಾಡಿ, ಅಮ್ಮಾ, ಇನ್ನು ನಾನು ದಿನಾ ಆಡ್ತೀನಿ ಅಂದಿದ್ದೆ. ಆಮೇಲೆ ನೀವೆಲ್ಲ ನನ್ನ ಹೆಸರು ಹಿಡ್ಕೊಂಡು ನಿಂತ್ರಿ. ಅಷ್ಟು ಪ್ರೀತಿ ಮಾಡೋರ ಮುಂದೆ ಹೋಗ್ತೀನಿ ಅಂತ ಹೇಗೆ ಹೇಳ್ಲಿ, ಕಾವಾಬೆ-ಸಾನ್?"

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆಕೆಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ. "ಸುಮಿಮಾಸೆನ್," ಎಂದರು ಆಕೆ, "ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತಲೇ ಬಾಗಿದವರು ಮೇಲೇಳಲಿಲ್ಲ. ಕಾಂಪೌಂಡಿನ ಆಸರೆಗೆ ನಿಂತಿದ್ದ ಸೆಕಿ-ಸಾನ್ ಬಂದು ಆಕೆಯ ತೋಳು ಹಿಡಿದುಕೊಂಡರು. ಮಿಯಾಟಾ ಕೂಡ ಬಾಗಿ ನಿಂತೇ ಇದ್ದ. ಆ ದಿನ ನಾವು ವಿಡಿಯೋ ತೆಗೆಯಲಿಲ್ಲ.

ಚಳಿಗಾಲದಲ್ಲಿ ಕಾವಾಬೆ-ಸಾನ್ ಆ್ಯಪ್ ಸದಸ್ಯತ್ವ ಬಿಟ್ಟರು. ನಾನು ಅವರ ಅಂಗಡಿಗೆ ಹೋದೆ. ಮರಳಿ ಬನ್ನಿ ಎನ್ನಲು ಹೋದವಳಲ್ಲ, ನೋಡಬೇಕೆನಿಸಿತ್ತು. ಆಕೆ ಟೀ ಕೊಟ್ಟು, ತಾವಾಗಿಯೇ ಹೇಳಿದರು. ಊರಿಗೆ ಹೊರಡುವ ಮೊದಲು ಮಿಯಾಟಾ ಅಂಗಡಿಗೆ ಬಂದಿದ್ದನಂತೆ. ಗೋದಾಮಿನ ಕೆಲಸವೊಂದರ ಇಂಟರ್‌ವ್ಯೂಗೆ ಸೂಟ್ ಬೇಕಿತ್ತು. ಕ್ಯಾಚರ್‌ನ ಭುಜಕ್ಕೆ ಅಂಗಡಿಯ ರೆಡಿಮೇಡ್ ಕೋಟ್ ಯಾವುದೂ ಹಿಡಿಸುತ್ತಿರಲಿಲ್ಲ.

"ಕನ್ನಡಿ ಮುಂದೆ ನಿಲ್ಲಿಸಿ ಪಿನ್ ಚುಚ್ಚಿದೆ," ಎಂದರು. "ನನಗೆ ಏನೇನೋ ಹೇಳಬೇಕಿತ್ತು. ಬಿಗಿ ಆಗ್ತಿದೆಯಾ, ಕೈ ಎತ್ತಿ ನೋಡು ಅಂತ ಅಷ್ಟೇ ಕೇಳೋಕಾಯ್ತು. ಸ್ವಲ್ಪ ಬಿಗಿ ಅಂದ. ಬಿಚ್ಚಿ ಮತ್ತೆ ಹೊಲಿದೆ." ಕಪ್ ಕೆಳಗಿಟ್ಟರು. "ಕೇಳಿದ್ರೆ ಹೇಳ್ತಾನೆ, ಶುಭಾ-ಸಾನ್. ಅವನು ಹೇಳೋ ಹುಡುಗನೇ."

ಕೆಲಸ ಅವನಿಗೆ ಸಿಕ್ಕಿತು. ಬೇಸ್‌ಬಾಲ್ ನೋಡುವುದನ್ನು ಬಿಟ್ಟಿದ್ದಾನೆಂದು ನಂತರ ಯಾರೋ ಹೇಳಿದರು.

ನಾನು ಈಗಲೂ ಅದೇ ವಿಭಾಗದಲ್ಲಿದ್ದೇನೆ. ಸಾವಿರಾರು ಜನರ ಮನಸ್ಸನ್ನು ಒಟ್ಟುಗೂಡಿಸಿ ಒಂದು ಪುಟಕ್ಕೆ ಇಳಿಸುವ ಕೆಲಸ ಇಷ್ಟು ವರ್ಷಗಳಲ್ಲಿ ಕೈಗೆ ಚೆನ್ನಾಗಿ ಹತ್ತಿದೆ. ಆದರೆ ಅಷ್ಟು ಜನ ಒಬ್ಬನ ಮೇಲಿಟ್ಟ ಪ್ರೀತಿಯನ್ನು ಎಷ್ಟೇ ಕೂಡಿಸಿದರೂ, ಅವನಿಗೆ ಏನು ಬೇಕು ಎಂಬ ಒಂದು ಪ್ರಶ್ನೆಗೆ ಅದರಿಂದ ಉತ್ತರ ಹೊರಡುವುದಿಲ್ಲ. ಅದನ್ನು ಅವನನ್ನೇ ಕೇಳಬೇಕು, ಅವನು ಉತ್ತರಿಸಲು ಹೆದರದ ಹಾಗೆ ಕೇಳಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಕಲಿಸಿದ ಹೊತ್ತಿಗೆ ಮಿಯಾಟಾನ ಆಟ ಮುಗಿದಿತ್ತು.