ಯುಫೋನಿಯಂ ಕಲಿಸಿದ ರಶೀದ್‌ಮಿಯಾ

ತೊಂಬತ್ತರ ದಶಕದಲ್ಲಿ ನಾನು ಗುಂಡಗುರ್ತಿ ಕಡೆಯ ಒಂದು ಹಳ್ಳಿಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಮ್ಮೆ, ಮರುದಿನವೇ ಶಾಲಾ ಇನ್‌ಸ್ಪೆಕ್ಟರ್ ಎದುರು ವಾದ್ಯಗಳ ಇಂಗ್ಲಿಷ್ ಹೆಸರುಗಳ ಪಾಠ ಮಾಡಬೇಕಿತ್ತು. ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ, ನಾನೇ ಚಿತ್ರ ಅಂಟಿಸಿ ಹೆಸರು ಬರೆದ ಚಾರ್ಟಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ.

ಪಕ್ಕದಲ್ಲಿ ಶಹಾಬಾದಿನ ಮದುವೆ ಬ್ಯಾಂಡಿನ ಹಿರಿಯರಾದ ರಶೀದ್‌ಮಿಯಾ ಕೂತಿದ್ದರು.

"ಸರ, ಸಿಟ್ಟಾಗಬ್ಯಾಡ್ರಿ. ಅದು ಫ್ಲೂಟ್ ಅಲ್ರಿ, ಕ್ಲಾರಿನೆಟ್. ಇದು ಟ್ರಂಪೆಟ್ ಅಲ್ರಿ, ಯುಫೋನಿಯಂ."

ಬಿ.ಎಡ್. ಓದಿದ ನಾನು ಸುಮ್ಮನಿರುತ್ತೇನೆಯೇ? ವಾದಕ್ಕಿಳಿದೆ. ಅವರು ಚೀಲ ಬಿಚ್ಚಿ, ಹಿತ್ತಾಳೆಯ ದೊಡ್ಡ ವಾದ್ಯವೊಂದನ್ನು ನನ್ನ ತೊಡೆಯ ಮೇಲಿಟ್ಟರು. ಚಿತ್ರದಲ್ಲಿದ್ದದ್ದು ಅದೇ.

"ಮೂವತ್ತು ವರ್ಷದಿಂದ ಊದಾಕತ್ತೀನ್ರಿ. ಇದರ ಹೆಸರು ಮರೀತೀನೇನ್ರಿ?"

ನಾಚಿಕೊಂಡು ಚಾರ್ಟ್ ತಿದ್ದಿದೆ. "ನಾಳಿ ನಮ್ಮ ಶಾಲಿಗಿ ಬರ್ತೀರೇನ್ರಿ?" ಎಂದು ಕೇಳಿಯೂಬಿಟ್ಟೆ.

ಮರುದಿನ ಅವರು ಬ್ಯಾಂಡಿನ ಕೆಂಪು ಕೋಟು ತೊಟ್ಟು, ಬ್ಯಾಂಡಿನ ವಾದ್ಯಗಳನ್ನೂ ಹೊತ್ತು ಬಂದರು. ಒಂದೊಂದೇ ವಾದ್ಯ ಎತ್ತಿ, ಹೆಸರು ಹೇಳಿ, ಊದಿ ತೋರಿಸಿದರು. ಮಕ್ಕಳ ಕೂಗಿಗೆ ತಗಡಿನ ಮಾಡು ನಡುಗಿತು. ನನ್ನ ಪಾಠ ಎಂದೂ ಅಷ್ಟು ಚೆನ್ನಾಗಿ ಆಗಿರಲಿಲ್ಲ.

ಇನ್‌ಸ್ಪೆಕ್ಟರ್ ಎದ್ದುನಿಂತು ಅವರ ಕೈಕುಲುಕಿದರು. "ಇಂಗ್ಲಿಷ್ ಎಲ್ಲಿ ಕಲ್ತ್ರಿ?"

"ಮಂದಿ ಮದಿವ್ಯಾಗ್ರಿ, ಸಾಹೇಬ್ರ!" ರಶೀದ್‌ಮಿಯಾ ಎದೆಯುಬ್ಬಿಸಿ ಹೇಳಿದರು.

ಅದೇ ಪ್ರಶ್ನೆಯನ್ನು ಇನ್‌ಸ್ಪೆಕ್ಟರ್ ನನಗೆ ಕೇಳಲಿಲ್ಲ. ನನ್ನ ಪುಣ್ಯ.